ಧ್ವನಿಯೂ ಮಾತೂ

ಮನೆಯ ಹಿರಿಯ ಜೀವವೊಂದು ಸಾಯಂಕಾಲ ಹಜಾರಕ್ಕೆ ಬಂದು ಕುಳಿತುಕೊಳ್ಳುವುದನ್ನು ನಿಲ್ಲಿಸಿದರೆ, ಆ ಸಂಗತಿ ಉಳಿದವರ ಗಮನಕ್ಕೆ ಬರಲು ಬಹಳ ದಿನಗಳು ಬೇಕಾಗುತ್ತವೆ. ಬಂದವರನ್ನು ಎಲ್ಲರೂ ಕಾಣುತ್ತಾರೆ. ಬಾರದವರನ್ನು ಕಾಣುವವರು ವಿರಳ. ಹಾಸನದ ಒಂದು ಮನೆಯಲ್ಲಿ ಹೀಗೆಯೇ ನಡೆಯಿತು. ಮನೆಯ ಯಜಮಾನರು ಖಜಾನೆಯಲ್ಲಿ 35 ವರ್ಷ ಲೆಕ್ಕ ಬರೆದು ನಿವೃತ್ತರಾದವರು. ಅವರ ತಾಯಿಗೆ 84 ವರ್ಷ. ರಾತ್ರಿ ಎಂಟು ಗಂಟೆಯಾಯಿತೆಂದರೆ ಮಗ ಸೊಸೆಯರೊಡನೆ ಕುಳಿತು ಟೆಲಿವಿಷನ್ನಿನಲ್ಲಿ ಹಳೆಯ ಚಿತ್ರವನ್ನೋ ಪೌರಾಣಿಕ ಧಾರಾವಾಹಿಯನ್ನೋ ನೋಡುವುದು ಆಕೆಯ ಬಹುಕಾಲದ ವಾಡಿಕೆ. ಈಚೆಗೆ ಆ ಹೊತ್ತಿಗೆ ಸರಿಯಾಗಿ ಜಪಮಾಲೆಯನ್ನು ಹಿಡಿದು ಒಳಗಿನ ಕೋಣೆಯಲ್ಲಿಯೇ ಉಳಿಯತೊಡಗಿದರು. ವಯಸ್ಸಾಯಿತು, ದೇವರಲ್ಲಿ ಮನಸ್ಸು ನಿಂತಿತು ಎಂದು ಯಜಮಾನರು ಸಮಾಧಾನಪಟ್ಟುಕೊಂಡರು. ಒಳಗೊಳಗೇ ಸ್ವಲ್ಪ ಹೆಮ್ಮೆಯನ್ನೂ ಪಟ್ಟರು.

ನಿಜಸ್ಥಿತಿಯನ್ನು ತಿಳಿಸಿದವರು ಅವರ ಪತ್ನಿ. "ಅತ್ತೆಯವರ ಜಪದ ಹೊತ್ತು ಎಂಟು ಗಂಟೆಯಲ್ಲ. ಅಂದು ಚಿತ್ರ ನೋಡುತ್ತಿದ್ದಾಗ, ಅವನೇನೆಂದ ಎಂದು ಎರಡು ಸಲ ನಿಮ್ಮನ್ನು ಕೇಳಿದರು. ಮೂರನೆಯ ಸಲ ಕೇಳಿದಾಗ ನೀವು, 'ಆಮೇಲೆ ಹೇಳುತ್ತೇನೆ, ಸುಮ್ಮನಿರಮ್ಮ' ಎಂದಿರಿ. ಅಂದಿನಿಂದ ಅವರು ಬಂದಿಲ್ಲ" ಎಂದರು.

ಒಂದು ಕಾಸಿನ ವ್ಯತ್ಯಾಸಕ್ಕಾಗಿ ರಾತ್ರಿಯೆಲ್ಲ ಕುಳಿತು ಲೆಕ್ಕ ತಿದ್ದುತ್ತಿದ್ದ ಮನುಷ್ಯನಿಗೆ ಈ ವ್ಯತ್ಯಾಸವು ಎರಡು ತಿಂಗಳವರೆಗೆ ಕಾಣದೆ ಹೋಗಿತ್ತು. ಅವರು ಒಳಗೆ ಹೋಗಿ, "ಕಿವಿ ಕೇಳಿಸುವುದಿಲ್ಲವೇನಮ್ಮ?" ಎಂದು ವಿಚಾರಿಸಿದರು. ತಾಯಿ ನಕ್ಕು, "ಕೇಳಿಸುತ್ತದಪ್ಪ. ಆದರೆ ಏನು ಹೇಳುತ್ತಾರೋ ತಿಳಿಯುವುದಿಲ್ಲ. ಮದ್ದಳೆ ಚೆನ್ನಾಗಿ ಕೇಳಿಸುತ್ತದೆ, ಮಾತು ಮಾತ್ರ ಕೈಗೆ ಸಿಕ್ಕುವುದಿಲ್ಲ" ಎಂದರು.

ತರ್ಕಶಾಸ್ತ್ರದ ಮೊದಲ ಪಾಠಗಳನ್ನು ಓದಿದವರು ಬಲ್ಲರು: ಶಬ್ದವು ಆಕಾಶದ ಗುಣ, ಅದು ಧ್ವನಿರೂಪವೆಂದೂ ವರ್ಣರೂಪವೆಂದೂ ಎರಡು ಬಗೆ. ಭೇರಿ ಮೊದಲಾದವುಗಳಲ್ಲಿ ಹುಟ್ಟುವುದು ಧ್ವನಿ. ಅಕ್ಷರಗಳಾಗಿ, ಮಾತಾಗಿ ಹೊರಡುವುದು ವರ್ಣ. ಆ ಮುದುಕಿ ಶಾಸ್ತ್ರವನ್ನು ಓದಿದವರಲ್ಲ. ಆದರೂ ತಮ್ಮ ಕಷ್ಟವನ್ನು ಶಾಸ್ತ್ರಕಾರರು ವಿಭಾಗಿಸಿದಂತೆಯೇ ವಿಭಾಗಿಸಿ ಹೇಳಿದ್ದರು. ಅವರಿಗೆ ಧ್ವನಿಯ ಕೊರತೆಯಿರಲಿಲ್ಲ, ವರ್ಣದ ಕೊರತೆಯಿತ್ತು. ಹೋಮ್ ಥಿಯೇಟರ್ ಎಂಬ ಸಾಮಗ್ರಿಯನ್ನು ಕೊಳ್ಳಹೊರಡುವ ಗೃಹಸ್ಥರು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಹಣವೂ ಉಳಿದೀತು, ಮನೆಯವರ ಮನಸ್ಸೂ ಉಳಿದೀತು.

ಯಜಮಾನರು ಮೊದಲು ಮಾಡಿದ ಕೆಲಸ ಸರಿಯಾದುದೇ. ಯಂತ್ರವನ್ನು ಕೊಳ್ಳುವುದಕ್ಕೆ ಮುಂಚೆ ಕಿವಿಯನ್ನು ಪರೀಕ್ಷೆ ಮಾಡಿಸಿದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋದರು. ವೃದ್ಧಾಪ್ಯದಲ್ಲಿ ಶ್ರವಣಶಕ್ತಿಯು ಎಲ್ಲ ಸ್ವರಗಳಿಗೂ ಒಂದೇ ಸಮನಾಗಿ ಕುಂದುವುದಿಲ್ಲವೆಂದೂ, ಮೊದಲು ಕುಂದುವುದು ಉಚ್ಚ ಸ್ವರಗಳ ಗ್ರಹಣವೆಂದೂ ಅಲ್ಲಿ ತಿಳಿಯಿತು. ಸ್ವರಾಕ್ಷರಗಳ ಬಲವು ಕೆಳಗಿನ ಸ್ಥಾಯಿಯಲ್ಲಿರುತ್ತದೆ. ತ, ಪ, ಸ, ಶ ಮೊದಲಾದ ವ್ಯಂಜನಗಳನ್ನು ಒಂದರಿಂದೊಂದು ಬೇರ್ಪಡಿಸುವ ಸೂಕ್ಷ್ಮ ಭಾಗವು ಸೆಕೆಂಡಿಗೆ 2,000 ಕಂಪನಗಳಿಂದ ಮೇಲಕ್ಕೆ ಹೆಚ್ಚಾಗಿರುತ್ತದೆ. ಆದುದರಿಂದ ಟೆಲಿವಿಷನ್ನಿನ ಸದ್ದನ್ನು ಎಷ್ಟು ಏರಿಸಿದರೂ ಮದ್ದಳೆ ಇನ್ನಷ್ಟು ಗುಡುಗುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ. ಅವರಿಗೆ ಶ್ರವಣಯಂತ್ರವೊಂದು ದೊರೆಯಿತು. ಎದುರಿಗೆ ಕುಳಿತು ಆಡಿದ ಮಾತು ಅದರಿಂದ ಸ್ಪಷ್ಟವಾಯಿತು. ಆದರೆ ಟೆಲಿವಿಷನ್ನಿನ ಎದುರಿನಲ್ಲಿ ಹಿನ್ನೆಲೆಯ ವಾದ್ಯವೂ ಮುನ್ನೆಲೆಯ ಮಾತೂ ಕಲಸಿಕೊಂಡೇ ಬರುತ್ತಿದ್ದವು. ಅಲ್ಲಿ ತಪ್ಪು ಕಿವಿಯದು ಮಾತ್ರವಾಗಿರಲಿಲ್ಲ.

ಈ ಕಾಲದ ಟೆಲಿವಿಷನ್ನು ಗೋಡೆಯ ಪಟದಷ್ಟು ತೆಳ್ಳಗಾಗಿದೆ. ಒಳಗಿನ ಸ್ಪೀಕರುಗಳಿಗೆ ಜಾಗ ಸಾಲದೆ ಅವು ಅನೇಕ ವೇಳೆ ನೆಲದ ಕಡೆಗೋ ಹಿಂದಿನ ಗೋಡೆಯ ಕಡೆಗೋ ಮುಖಮಾಡಿರುತ್ತವೆ. ನೋಡುವವರಿಗೆ ಚಿತ್ರವು ಮುಖವನ್ನು ತೋರುತ್ತದೆ, ಧ್ವನಿಯು ಬೆನ್ನನ್ನು ತೋರುತ್ತದೆ. ಇದಲ್ಲದೆ, ಇಂದಿನ ಚಿತ್ರಗಳ ಧ್ವನಿಯನ್ನು ಐದಾರು ಕಾಲುವೆಗಳಲ್ಲಿ ಹಂಚಿ ಸಿದ್ಧಪಡಿಸಿರುತ್ತಾರೆ. ಪಾತ್ರಗಳ ಮಾತು ಬಹುಮಟ್ಟಿಗೆ ಮಧ್ಯದ ಕಾಲುವೆಯಲ್ಲಿ ಹರಿಯುತ್ತದೆ. ಸಂಗೀತ ಮೊದಲಾದವು ಎಡಬಲಗಳಲ್ಲಿಯೂ ಹಿಂದೆಯೂ ಹರಿಯುತ್ತವೆ. ಟೆಲಿವಿಷನ್ನು ಇವೆಲ್ಲವನ್ನೂ ಎರಡು ಸಣ್ಣ ಬಾಯಿಗಳಿಗೆ ಇಳಿಸಿದಾಗ ಮಾತು ಗದ್ದಲದಲ್ಲಿ ಮುಳುಗಿಹೋಗುವುದು ಸಹಜ. ಕನ್ನಡದ ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನಾ' 1934ರಲ್ಲಿ ತೆರೆಗೆ ಬಂದಾಗ ಮಾತೇ ಒಂದು ಪವಾಡವಾಗಿತ್ತು. ಇಂದು ಉಳಿದ ಪವಾಡಗಳು ಹೆಚ್ಚಿ, ಆ ಮೊದಲಿನ ಪವಾಡಕ್ಕೆ ಎಡೆಯಿಲ್ಲದಂತಾಗಿದೆ.

ಯಜಮಾನರ ಮಗ ಬೆಂಗಳೂರಿನಲ್ಲಿ ಇಂಜಿನಿಯರು. ತಂದೆಯ ದೂರವಾಣಿಯ ಮಾತನ್ನೆಲ್ಲ ಕೇಳಿ, "ಅಪ್ಪಾ, ನಿಮಗೆ ಬೇಕಾದದ್ದು ದೊಡ್ಡ ಸದ್ದಲ್ಲ, ಒಂದು ರಿಸೀವರ್ ಮತ್ತು ಅದಕ್ಕೆ ಒಪ್ಪುವ ಸ್ಪೀಕರುಗಳು" ಎಂದನು. ರಿಸೀವರೆಂದರೆ ಒಂದು ಪೆಟ್ಟಿಗೆ. ಟೆಲಿವಿಷನ್ನಿನಿಂದ ಎಚ್‌ಡಿಎಂಐ ತಂತಿಯ ಮೂಲಕ ಬರುವ ಧ್ವನಿಯನ್ನು ಅದು ಕಾಲುವೆ ಕಾಲುವೆಯಾಗಿ ಬಿಡಿಸುತ್ತದೆ; ಒಂದೊಂದಕ್ಕೂ ಬೇರೆ ಬೇರೆಯಾಗಿ ಬಲವನ್ನು ತುಂಬಿ ಆಯಾ ಸ್ಪೀಕರಿಗೆ ಕಳುಹಿಸುತ್ತದೆ. ಮಧ್ಯದ ಕಾಲುವೆಯನ್ನು ಮಾತ್ರ ಏರಿಸಿ, ಉಳಿದವನ್ನು ಇದ್ದಂತೆಯೇ ಬಿಡುವ ಸೌಲಭ್ಯವು ಅದರಲ್ಲಿರುತ್ತದೆ. ಕಲಸಿದ ಅನ್ನದಿಂದ ಅಕ್ಕಿಯನ್ನು ಆರಿಸಲಾಗದು. ಕಲಸುವುದಕ್ಕೆ ಮುಂಚೆ ಬೇರೆ ಬೇರೆ ಪಾತ್ರೆಗಳಲ್ಲಿ ಇಟ್ಟುಕೊಂಡರೆ ಬೇಕಾದಷ್ಟೇ ಬಡಿಸಬಹುದು. ರಿಸೀವರಿನ ಉಪಯೋಗವು ಇಷ್ಟೇ, ಮತ್ತು ಇದು ಸಾಮಾನ್ಯವಾದುದಲ್ಲ.

ಹಣವೆಷ್ಟು ಎಂಬ ಪ್ರಶ್ನೆ ಬಂದಿತು. ನಿವೃತ್ತಿವೇತನದ ಉಳಿತಾಯದಿಂದ ಯಜಮಾನರು 70,000 ರೂಪಾಯಿಗಳನ್ನು ಇದಕ್ಕೆಂದು ತೆಗೆದಿಟ್ಟರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಅವರ ಜೀವಮಾನದ ನಿಯಮ. ಹಾಸಿಗೆಯ ಯಾವ ಭಾಗದಲ್ಲಿ ತಲೆಯಿಡಬೇಕು, ಯಾವ ಭಾಗದಲ್ಲಿ ಕಾಲಿಡಬೇಕು ಎಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ.

ಊರಿನ ಮೊದಲನೆಯ ಅಂಗಡಿಯಲ್ಲಿ ಐದು ಸಣ್ಣ ಡಬ್ಬಿಗಳನ್ನೂ ಒಂದು ದೊಡ್ಡ ಪೆಟ್ಟಿಗೆಯನ್ನೂ ಒಟ್ಟಾಗಿ ಕಟ್ಟಿ ಮಾರುತ್ತಿದ್ದರು. "1,000 ವಾಟ್, ಸಾರ್!" ಎಂದು ಅಂಗಡಿಯ ತರುಣನು ಒಂದು ಯುದ್ಧದ ದೃಶ್ಯವನ್ನು ಹಾಕಿ ತೋರಿಸಿದನು. ಗಾಜಿನ ಕಪಾಟು ನಡುಗಿತು; ಯಜಮಾನರ ಎದೆಯೂ ನಡುಗಿತು. ಅವರು ತಾಳ್ಮೆಯಿಂದ, "ಯಾರಾದರೂ ಇಬ್ಬರು ಮಾತನಾಡುವುದನ್ನು ಹಾಕಪ್ಪ" ಎಂದರು. ಅಂಥ ದೃಶ್ಯವನ್ನು ಕೇಳುವವರು ಅಲ್ಲಿಗೆ ಬರುತ್ತಿರಲಿಲ್ಲವೆಂದು ತೋರುತ್ತದೆ. ಹುಡುಕಿ ಹಾಕಿದಾಗ, ಇಬ್ಬರೂ ಕೊಡದೊಳಗೆ ಮುಖವಿಟ್ಟು ಮಾತನಾಡುವಂತೆ ಕೇಳಿಸಿತು.

ವಾಟ್ ಎಂಬ ಅಂಕಿಯನ್ನು ಕುರಿತು ಇಲ್ಲಿ ಎರಡು ಮಾತು ಹೇಳತಕ್ಕದ್ದಿದೆ. ಒಂದೇ ರಿಸೀವರಿನ ಶಕ್ತಿಯನ್ನು ಎರಡು ರೀತಿಯಲ್ಲಿ ಬರೆಯಬಹುದು. 8 ಓಮ್ ಭಾರದ ಮೇಲೆ, ಎರಡು ಕಾಲುವೆಗಳು ಏಕಕಾಲದಲ್ಲಿ ದುಡಿಯುತ್ತಿರುವಾಗ, 20ರಿಂದ 20,000 ಕಂಪನಗಳವರೆಗೆ, ಶೇಕಡ ಒಂದಕ್ಕಿಂತಲೂ ಬಹಳ ಕಡಮೆ ವಿಕೃತಿಯೊಡನೆ ಅಳೆದು ಬರೆಯುವುದು ಪ್ರಾಮಾಣಿಕವಾದ ಕ್ರಮ. 6 ಓಮಿನ ಮೇಲೆ, ಒಂದೇ ಕಾಲುವೆಯನ್ನು, ಒಂದೇ ಸ್ವರದಲ್ಲಿ, ಶೇಕಡ 10ರಷ್ಟು ವಿಕೃತಿಯವರೆಗೆ ದುಡಿಸಿ, ಬಂದ ಅಂಕಿಯನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚುಮಾಡುವುದು ಇನ್ನೊಂದು ಕ್ರಮ. ಎರಡನೆಯ ಅಂಕಿಯು ಸುಳ್ಳಲ್ಲ, ಆದರೆ ಅದನ್ನು ನಂಬಿ ಮೊದಲನೆಯದರೊಡನೆ ತೂಗಿದರೆ ಮೋಸಹೋಗುವುದು ಖಂಡಿತ. ಲೆಕ್ಕ ಬರೆದು ಬೆರಳು ಸವೆಸಿದ ಯಜಮಾನರಿಗೆ ಈ ಸೂಕ್ಷ್ಮವು ಕೂಡಲೇ ಹೊಳೆಯಿತು: ಶರತ್ತುಗಳನ್ನು ಓದದೆ ಮೊತ್ತವನ್ನು ಓದತಕ್ಕದ್ದಲ್ಲ. ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆಯು ರಿಸೀವರುಗಳಿಗೂ ಸಲ್ಲುತ್ತದೆ.

ಹಾಗೆ ನೋಡಿದರೆ ಮನೆಗೆ ಬೇಕಾಗುವ ಶಕ್ತಿಯು ಆಶ್ಚರ್ಯಪಡುವಷ್ಟು ಅಲ್ಪ. ಸ್ಪೀಕರಿಗೆ ಸೂಕ್ಷ್ಮತೆಯೆಂಬ ಒಂದು ಗುಣವುಂಟು. ಒಂದು ವಾಟಿನಷ್ಟು ಬಲ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅದು ಎಷ್ಟು ಡೆಸಿಬೆಲ್ ಧ್ವನಿಯನ್ನು ಹೊರಡಿಸುತ್ತದೆಂಬುದೇ ಅದರ ಮಾನ. ಸೂಕ್ಷ್ಮತೆಯು 3 ಡೆಸಿಬೆಲ್ ಹೆಚ್ಚಿದರೆ ಅರ್ಧದಷ್ಟು ವಾಟ್ ಸಾಕು. 84 ಡೆಸಿಬೆಲ್ಲಿನ ಸ್ಪೀಕರು ಕೇಳುವ ಬಲದ ಕಾಲುಭಾಗದಿಂದಲೇ 90 ಡೆಸಿಬೆಲ್ಲಿನ ಸ್ಪೀಕರು ಅಷ್ಟೇ ಧ್ವನಿಯನ್ನು ಕೊಡುತ್ತದೆ. ಹಜಾರದಲ್ಲಿ ಕುಳಿತು ಸಂಭಾಷಣೆಯನ್ನು ಕೇಳಲು ಒಂದು ವಾಟ್ ಕೂಡ ಬೇಕಾಗುವುದಿಲ್ಲ. ಉಳಿದ ಶಕ್ತಿಯೆಲ್ಲ ಕ್ಷಣಮಾತ್ರದ ಗುಡುಗು ಸಿಡಿಲುಗಳಿಗೆ ಮೀಸಲು. ಆದುದರಿಂದ ಅಲ್ಪಬೆಲೆಯ ರಿಸೀವರನ್ನು ಕೊಳ್ಳುವವರು ಅದಕ್ಕೆ 88 ಡೆಸಿಬೆಲ್ ಆಸುಪಾಸಿನ ಅಥವಾ ಅದಕ್ಕೂ ಮೇಲಿನ ಸ್ಪೀಕರುಗಳನ್ನು ಜೊತೆಮಾಡುವುದು ಜಾಣತನ. ಬಡ ಎತ್ತಿಗೆ ಹಗುರವಾದ ಗಾಡಿಯನ್ನು ಹೂಡಬೇಕಲ್ಲವೇ?

ಗಾಡಿಯ ಭಾರವನ್ನು ತಿಳಿಸುವ ಇನ್ನೊಂದು ಮಾನವೇ ಓಮ್. ಪ್ರಣವಕ್ಕೂ ಇದಕ್ಕೂ ಸಂಬಂಧವಿಲ್ಲ. ಗೇಯೋರ್ಗ್ ಓಮ್ ಎಂಬಾತನು ಜರ್ಮನಿಯಲ್ಲಿ ಶಾಲೆಯ ಉಪಾಧ್ಯಾಯನಾಗಿದ್ದವನು. ವಿದ್ಯುತ್ತಿನ ಹರಿವಿಗೆ ಸಂಬಂಧಿಸಿದ ತನ್ನ ನಿಯಮವನ್ನು 1827ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಅವನ ಹೆಸರೇ ಮಾನಕ್ಕೆ ಬಂದಿತು. ಓಮ್ ಕಡಮೆಯಾದಷ್ಟೂ ಸ್ಪೀಕರು ರಿಸೀವರಿನಿಂದ ಹೆಚ್ಚು ವಿದ್ಯುತ್ತನ್ನು ಸೆಳೆಯುತ್ತದೆ. 4 ಓಮಿನ ಸ್ಪೀಕರುಗಳನ್ನು ಸಣ್ಣ ರಿಸೀವರಿಗೆ ಕಟ್ಟಿದರೆ ಅದು ಬಿಸಿಯೇರಿ, ತನ್ನ ರಕ್ಷಣೆಗಾಗಿ ತಾನೇ ಆರಿಹೋಗಬಹುದು. ರಿಸೀವರಿನ ಬೆನ್ನಿನ ಮೇಲೆ ಅದು ಎಷ್ಟು ಓಮಿನವರೆಗೆ ಒಪ್ಪುತ್ತದೆಂದು ಬರೆದಿರುತ್ತಾರೆ. ಸ್ಪೀಕರಿನ ಬೆನ್ನಿನ ಮೇಲೆ ಅದರ ಓಮನ್ನು ಬರೆದಿರುತ್ತಾರೆ. ಜಾತಕಗಳೆರಡನ್ನೂ ಕೂಡಿಸಿ ನೋಡಿದ ಮೇಲೆಯೇ ಲಗ್ನ ನಿಶ್ಚಯವಾಗತಕ್ಕದ್ದು.

ಇನ್ನು ಸ್ಪೀಕರುಗಳು ಎಷ್ಟಿರಬೇಕು? ಐದು ಸ್ಪೀಕರುಗಳೂ ಮಂದ್ರಧ್ವನಿಗೆಂದು ಸಬ್‌ವೂಫರ್ ಎಂಬ ಒಂದು ಪೆಟ್ಟಿಗೆಯೂ ಸೇರಿದರೆ 5.1 ಎಂದು ಕರೆಯುವ ಕ್ರಮ. 70,000 ರೂಪಾಯಿಗಳನ್ನು ರಿಸೀವರಿಗೂ ಈ ಆರಕ್ಕೂ ಹಂಚಿದರೆ ಒಂದೊಂದರ ಪಾಲಿಗೆ ಬರುವುದು ಸ್ವಲ್ಪ; ಆರೂ ಸಾಧಾರಣವಾಗುತ್ತವೆ. ಮಗನು ಹೇಳಿದ ಉಪಾಯ ಬೇರೆ: "ಐದನ್ನು ನಡೆಸಬಲ್ಲ ರಿಸೀವರನ್ನು ಕೊಳ್ಳೋಣ. ಈಗ ಎದುರಿನ ಮೂರನ್ನು ಮಾತ್ರ ಚೆನ್ನಾಗಿರುವುದನ್ನು ಆರಿಸೋಣ. ಹಿಂದಿನವು ಮುಂದೆ ಎಂದಾದರೂ ಬರಲಿ." ಇದಲ್ಲದೆ, ರಿಸೀವರಿನ ಆಯಸ್ಸು ಅಲ್ಪ; ಧ್ವನಿಯನ್ನು ಸಾಗಿಸುವ ಪದ್ಧತಿಗಳು ಬದಲಾದಂತೆ ಅದು ಹಳೆಯದಾಗುತ್ತದೆ. ಒಳ್ಳೆಯ ಸ್ಪೀಕರು ದಶಕಗಳ ಕಾಲ ಬಾಳುತ್ತದೆ. ಆದುದರಿಂದ ರಿಸೀವರಿಗೆ ಅರ್ಧಕ್ಕಿಂತ ಕಡಮೆ, ಸ್ಪೀಕರುಗಳಿಗೆ ಅರ್ಧಕ್ಕಿಂತ ಹೆಚ್ಚು ಎಂದು ಯಜಮಾನರು ಬಜೆಟ್ಟನ್ನು ಮಂಜೂರುಮಾಡಿದರು.

ಎದುರಿನ ಮೂರೂ ಒಂದೇ ಮನೆತನದವಾಗಿರಬೇಕೆಂಬುದು ಈ ವಿದ್ಯೆಯ ಮುಖ್ಯ ಸೂತ್ರ. ಆಂಗ್ಲ ದೇಶದ ಅಲನ್ ಬ್ಲಮ್ಲೀನ್ ಎಂಬ ಇಂಜಿನಿಯರು, ನಟನು ತೆರೆಯ ಮೇಲೆ ಅತ್ತಿಂದಿತ್ತ ನಡೆದರೂ ಅವನ ಧ್ವನಿಯು ಒಂದೇ ಕಡೆಯಿಂದ ಬರುವ ಅಸಂಬದ್ಧತೆಯನ್ನು ಕುರಿತು ಯೋಚಿಸಿ, 1931ರಲ್ಲಿ ಎರಡು ಕಾಲುವೆಗಳ ಧ್ವನಿಪದ್ಧತಿಗೆ ಪೇಟೆಂಟು ಪಡೆಯಲು ಅರ್ಜಿ ಸಲ್ಲಿಸಿದನು. ಧ್ವನಿಯು ಪಾತ್ರದೊಡನೆ ನಡೆಯಬೇಕೆಂಬುದು ಅವನ ಆಶಯ. ಎಡದ ಸ್ಪೀಕರು ಒಬ್ಬ ತಯಾರಕರದು, ನಡುವಿನದು ಇನ್ನೊಬ್ಬರದು ಆದರೆ, ಎಡದಿಂದ ನಡುವಿಗೆ ಬರುವಷ್ಟರಲ್ಲಿ ರಾಯನ ಗಂಟಲು ಮಂತ್ರಿಯ ಗಂಟಲಾಗಿಬಿಡುತ್ತದೆ. ಒಂದೇ ತಯಾರಕರ ಒಂದೇ ಶ್ರೇಣಿಯ ಮೂರನ್ನು ಕೊಂಡರೆ ಈ ದೋಷವಿಲ್ಲ.

ಬೆಂಗಳೂರಿಗೆ ಹೋಗಿ ತಂದೆ ಮಕ್ಕಳು ಎರಡು ದಿನ ಅಂಗಡಿಗಳನ್ನು ಸುತ್ತಿದರು. ಯಮಾಹಾ, ಡೆನನ್, ಸೋನಿ ಎಂಬ ಹೆಸರುಗಳು ಯಜಮಾನರಿಗೆ ಬಾಯಿಪಾಠವಾದವು. ಪ್ರತಿಯೊಂದು ಅಂಗಡಿಯಲ್ಲಿಯೂ ಅವರ ಪರೀಕ್ಷೆ ಒಂದೇ. ವಾರ್ತೆ ಓದುವ ಒಂದು ಹೆಂಗಸಿನ ಧ್ವನಿ, ಒಂದು ಗಂಡಸಿನ ಧ್ವನಿ, ಹಿಂದೆ ಮಳೆ ಸುರಿಯುತ್ತಿರುವಾಗ ಇಬ್ಬರು ಮೆಲ್ಲನೆ ಮಾತನಾಡುವ ಒಂದು ದೃಶ್ಯ. ಕಣ್ಣು ಮುಚ್ಚಿ ಕೇಳುವರು. ಸದ್ದನ್ನು ತಗ್ಗಿಸಿ ಕೇಳುವರು. ಪಕ್ಕಕ್ಕೆ ಸರಿದು ಕುಳಿತು ಕೇಳುವರು. ಮೂರನೆಯ ಅಂಗಡಿಯ ವರ್ತಕರು ವಯಸ್ಸಾದವರು. "ಸ್ವಾಮಿ, ಸದ್ದು ಕಡಮೆ ಮಾಡಿ ಪರೀಕ್ಷಿಸುವ ಗಿರಾಕಿಯನ್ನು ಬಹಳ ದಿನಗಳ ಮೇಲೆ ನೋಡಿದೆ" ಎಂದು ನಕ್ಕರು. ಅಲ್ಲಿಯೇ ವ್ಯಾಪಾರ ಕುದುರಿತು.

ಹಾಸನಕ್ಕೆ ಬಂದು ಜೋಡಿಸಿದ ದಿನ ನಿರಾಶೆಯೇ ಆಯಿತು. ಮಾತು ಹಜಾರದಲ್ಲಿ ಪ್ರತಿಧ್ವನಿಸುತ್ತಿತ್ತು, ಸಂಗೀತ ತೆಳುವಾಗಿತ್ತು. ಎರಡನೆಯ ದೋಷಕ್ಕೆ ಯಜಮಾನರೇ ಕಾರಣರು. ಎಡದ ಸ್ಪೀಕರಿನ ಕೆಂಪು, ಕಪ್ಪು ತಂತಿಗಳನ್ನು ಅದಲುಬದಲು ಮಾಡಿದ್ದರು. ಒಂದು ಸ್ಪೀಕರು ಮುಂದೆ ತಳ್ಳಿದ ಗಾಳಿಯನ್ನು ಇನ್ನೊಂದು ಹಿಂದಕ್ಕೆಳೆದು, ಮಂದ್ರಸ್ವರಗಳು ಪರಸ್ಪರ ಕಳೆದುಹೋಗುತ್ತಿದ್ದವು. "ಜಮೆಯನ್ನು ಖರ್ಚಿಗೆ ಬರೆದೆನಲ್ಲ!" ಎಂದು ಹಣೆ ತಟ್ಟಿಕೊಂಡು ತಿದ್ದಿದರು.

ಮೊದಲನೆಯ ದೋಷವು ಮನೆಯದು. ನುಣುಪು ಕಲ್ಲಿನ ನೆಲ, ಬರಿಯ ಗೋಡೆ, ಗಾಜಿನ ಕಿಟಕಿ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲೇಸ್ ಸೇಬೈನ್ ಎಂಬ ಅಧ್ಯಾಪಕನಿಗೆ 1895ರಲ್ಲಿ ಇಂಥದೇ ಸಮಸ್ಯೆಯು ಎದುರಾಗಿತ್ತು. ಅಲ್ಲಿಯ ಒಂದು ಉಪನ್ಯಾಸ ಮಂದಿರದಲ್ಲಿ ಒಂದು ಶಬ್ದವು ಅಡಗುವಷ್ಟರಲ್ಲಿ ಹಲವು ಶಬ್ದಗಳು ಹೊರಟು, ಉಪನ್ಯಾಸವು ಅರ್ಥವಾಗುತ್ತಿರಲಿಲ್ಲ. ಅವನು ಇನ್ನೊಂದು ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ರಾತ್ರಿಯ ಹೊತ್ತು ಹೊರಿಸಿ ತಂದು ಹಾಸಿ, ಮೆತ್ತೆಗಳು ಹೆಚ್ಚಿದಂತೆ ಅನುರಣನವು ಎಷ್ಟು ಕಡಮೆಯಾಗುತ್ತದೆಂದು ಅಳೆದನು. ಕಟ್ಟಡಗಳ ಧ್ವನಿಶಾಸ್ತ್ರವು ಹುಟ್ಟಿದುದು ಆ ಮೆತ್ತೆಗಳಿಂದ. ಮನೆಯಾಕೆ ಸೇಬೈನನ ಹೆಸರನ್ನು ಕೇಳಿದವರಲ್ಲ. ಆದರೂ ಅಟ್ಟದ ಮೇಲಿದ್ದ ದೊಡ್ಡ ಜಮಖಾನವನ್ನು ಇಳಿಸಿ ಹಾಸಿದರು, ಕಿಟಕಿಗೆ ದಪ್ಪನೆಯ ಪರದೆಯನ್ನು ಕಟ್ಟಿದರು, ಪುಸ್ತಕದ ಬೀರುವನ್ನು ಹಿಂದಿನ ಗೋಡೆಗೆ ಸರಿಸಿದರು. ಕಾಸಿನ ಖರ್ಚಿಲ್ಲದೆ ಅರ್ಧ ರೋಗ ವಾಸಿಯಾಯಿತು.

ಮಗನು ಎಡಬಲದ ಸ್ಪೀಕರುಗಳನ್ನು ಕೇಳುವವರ ನೇರದಿಂದ 30 ಡಿಗ್ರಿಗಳಷ್ಟು ಆಚೀಚೆಗೆ, ಕಿವಿಯ ಎತ್ತರಕ್ಕೆ ಸರಿಯಾಗಿ ನಿಲ್ಲಿಸಿದನು. ನಡುವಿನದನ್ನು ಟೆಲಿವಿಷನ್ನಿನ ಕೆಳಗಿಟ್ಟು, ಮುಂದಿನ ಅಂಚಿಗೆ ಒಂದು ಸಣ್ಣ ಮರದ ಚಕ್ಕೆಯನ್ನು ಕೊಟ್ಟು, ಅಜ್ಜಿಯು ಕೂರುವ ಕುರ್ಚಿಯ ಕಡೆಗೆ ಮುಖವೆತ್ತುವಂತೆ ಮಾಡಿದನು. ಮಧ್ಯದ ಕಾಲುವೆಯನ್ನು ಉಳಿದವಕ್ಕಿಂತ 3 ಡೆಸಿಬೆಲ್ ಏರಿಸಿದನು. ಹಳೆಯ ಚಿತ್ರಗಳ ಧ್ವನಿಯು ಒಂದೇ ಕಾಲುವೆಯದು. ಅಂಥದನ್ನೂ ನಡುವಿನ ಸ್ಪೀಕರಿಗೆ ಕಳುಹಿಸುವ ಏರ್ಪಾಡು ರಿಸೀವರಿನಲ್ಲಿತ್ತು.

ಆ ರಾತ್ರಿ ಎಂಟು ಗಂಟೆಗೆ ಯಜಮಾನರು ಒಳಗೆ ಹೋಗಿ ತಾಯಿಯ ಎದುರಿಗೆ ನಿಂತರು. ಕ್ಷಮೆಯನ್ನು ಬೇಡಬೇಕೆಂದು ಹೋಗಿದ್ದರು. 61 ವರ್ಷದ ಮಗನಿಗೆ ಮಾತು ಹೊರಡಲಿಲ್ಲ. "ಬಾಮ್ಮ, ಚಿತ್ರ ಹಾಕುತ್ತಾರೆ" ಎಂದಷ್ಟೇ ಹೇಳಿದರು. ತಾಯಿ ಜಪಮಾಲೆಯನ್ನು ಕಣ್ಣಿಗೊತ್ತಿಕೊಂಡು ಎದ್ದು ಬಂದರು.

ಕಪ್ಪುಬಿಳುಪಿನ ಹಳೆಯ ಪೌರಾಣಿಕ ಚಿತ್ರ. ಯಾರೂ ತೆರೆಯನ್ನು ನೋಡುತ್ತಿರಲಿಲ್ಲ. ಎಲ್ಲರೂ ಆಕೆಯ ಮುಖವನ್ನು ನೋಡುತ್ತಿದ್ದರು. ಆಕೆಯ ತವರು ಮೈಸೂರು. 1935ರಲ್ಲಿ ಆ ಊರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬಂದುದು ಅಲ್ಲಿಂದ. ಬಾಲ್ಯದಲ್ಲಿ ಆಕೆ ಒಂದು ಮರದ ಪೆಟ್ಟಿಗೆಯ ಸುತ್ತಲೂ ಮನೆಮಂದಿಯೆಲ್ಲ ಕುಳಿತು ಕೇಳುತ್ತಿದ್ದುದನ್ನು ಕಂಡವರು. ಆ ಪೆಟ್ಟಿಗೆಗೆ ಇದ್ದುದು ಒಂದೇ ಬಾಯಿ. ಆದರೆ ಅದು ಆಡಿದ ಮಾತು ಮೂಲೆಯಲ್ಲಿ ಕುಳಿತ ಮಗುವಿಗೂ ತಲಪುತ್ತಿತ್ತು. ಈಗ ಆಕೆ ಅದೇ ಮಗುವಿನಂತೆ ತಲೆಯನ್ನು ತುಸು ವಾಲಿಸಿ ಕುಳಿತಿದ್ದರು. ವಿದೂಷಕನ ಪಾತ್ರವು ಏನೋ ಒಂದು ಚಾಟುಮಾತನ್ನಾಡಿತು. ಯಾರಿಗಿಂತಲೂ ಮೊದಲು ಆಕೆ ನಕ್ಕರು.

ಸ್ವಲ್ಪ ಹೊತ್ತಿನ ಮೇಲೆ ಆಕೆ ಮಗನ ಕಡೆಗೆ ತಿರುಗಿ, "ಅದನ್ನು ಒಂದಿಷ್ಟು ಸಣ್ಣದು ಮಾಡಪ್ಪ. ಅಷ್ಟು ಜೋರು ಯಾಕೆ? ನನಗೇನು ಕಿವುಡೇ?" ಎಂದರು.